ಹೊಟ್ಟೆ ತುಂಬಿದ ಕೌದಿ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಮೂವತ್ತು ವರ್ಷ ಸಾಲಿಯ ಮಕ್ಕಳಿಗೆ ಸುಮ್ಮನೆ ಕೂಡ್ರಿ ಎಂದು ಗದರಿಸಿದವಳು ನಾನು. ಅದೆಂಥ ಕಠಿಣ ಶಿಕ್ಷೆ ಎಂಬುದು ನಿವೃತ್ತಿಯಾದ ಮೇಲೆ ತಿಳಿಯಿತು. ಗಜೇಂದ್ರಗಡದ ಹೊರಗಿನ ನಮ್ಮ ಹೊಸ ಬಡಾವಣೆಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಅವಾದರೂ ಗಾಳಿ ನಿಂತಾಗ ನಿಲ್ಲುತ್ತವೆ, ನಾನು ನಿಲ್ಲುವುದಿಲ್ಲ.

ಇಂಥ ನನ್ನ ಎದುರು ಮನೆಗೆ ಹೋದ ವರ್ಷ ಒಬ್ಬ ಕಲಾವಿದೆ ಬಂದಳು. ಮೈಸೂರು ಕಡೆಯ ಹುಡುಗಿ, ಹೆಸರು ತನುಜಾ. ಮೂರು ತಿಂಗಳು ನಮ್ಮ ನಡುವೆಯೇ ಇದ್ದು ನಮ್ಮ ಜೊತೆ ಸೇರಿ ಏನಾದರೂ ಮಾಡಬೇಕಂತೆ, ಅದಕ್ಕೆ ಯಾವುದೋ ಸಂಸ್ಥೆ ಊಟ ಬಾಡಿಗೆ ನೋಡಿಕೊಳ್ಳುತ್ತದಂತೆ. ಹಿಂದೆ ರಾಜರು ಕವಿಗಳನ್ನು ಆಸ್ಥಾನದಲ್ಲಿ ಇಟ್ಟುಕೊಳ್ಳುತ್ತಿದ್ದರು. ಕವಿಗಳು ಉಂಡು ಅವರನ್ನು ಹೊಗಳುತ್ತಿದ್ದರು. ಇವಳು ನಮ್ಮನ್ನು ಹೊಗಳಲಿಲ್ಲ, ಮನೆಮನೆಗೆ ಬಂದು ಹಳೆಯ ಬಟ್ಟೆ ಕೇಳಿದಳು. ಪಾತ್ರೆ ಮಾರುವವಳಿರಬೇಕೆಂದು ಮೊದಲ ದಿನ ಮೂರು ಮನೆಯವರು ಬದಲಿಗೆ ಸ್ಟೀಲ್ ಡಬ್ಬಿ ಕೇಳಿದರು.

ಅವಳಿಗೆ ಬೇಕಾಗಿದ್ದುದು ಒಂದು ಕೌದಿ, ಹಳೆ ಬಟ್ಟೆ ಪದರ ಪದರವಾಗಿ ಹೊಲಿದ ಹೊದಿಕೆ. ನರೇಗಲ್, ರಾಜೂರ, ಶಿರೋಳ ಎಂದು ಎಲ್ಲೆಲ್ಲಿಂದಲೋ ಬಂದು, ಗೇಟು ಹಾಕಿಕೊಂಡು ಬದುಕುವ ನಮ್ಮೆಲ್ಲರ ಬಟ್ಟೆ ಸೇರಿಸಿ ನಮ್ಮ ಕೈಯಿಂದಲೇ ಹೊಲಿಸಿ, ಬೆಂಗಳೂರಿನ ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕುವುದು. ಉಳಿದವರು ಹರಿದ ಧೋತರ, ಮಾಸಿದ ಲಂಗ ಕೊಟ್ಟರು. ನಾನು ಓದಿದವಳು, ಓಣಿಗೆಲ್ಲ ಅಕ್ಕಾರು. ಹರಕು ಕೊಟ್ಟರೆ ಮರ್ಯಾದೆ ಏನು ಉಳಿಯಿತು? ಟ್ರಂಕು ತೆಗೆದು ಅವ್ವನ ಸೀರೆ ಕೊಟ್ಟುಬಿಟ್ಟೆ. ದಾಳಿಂಬೆ ಬಣ್ಣದ್ದು, ಇದೇ ಊರಿನ ಕೈಮಗ್ಗದ್ದು. ಅವ್ವ ಹೋದ ಮೇಲೆ ನನ್ನ ಪಾಲಿಗೆ ಉಳಿದದ್ದು ಅದೊಂದೇ. ನಿಮಗೆ ಇದು ಬೇಡವೇ ಎಂದು ತನುಜಾ ಎರಡು ಸಲ ಕೇಳಿದಳು. ಎರಡು ಸಲವೂ ಬೇಡ ಎಂದೆ. ರಸ್ತೆ ದಾಟಿ ನನ್ನ ಮನೆ ಮುಟ್ಟುವಷ್ಟರಲ್ಲಿ ಬೇಕು ಎನಿಸಿತು.

ಅಲ್ಲಿಂದ ಕುಂತರೆ ನಿಂತರೆ ಸೀರೆಯದೇ ಧ್ಯಾನ. ಬೆಳಿಗ್ಗೆ ಶೇಂಗಾ ಚಟ್ನಿ ಕೊಡುವ ನೆಪ, ಮಧ್ಯಾಹ್ನ ಬಟ್ಟಲು ಇಸಿದುಕೊಳ್ಳುವ ನೆಪ, ಸಂಜೆ ನಳಕ್ಕೆ ನೀರು ಬಂತೇ ಎಂದು ಕೇಳುವ ನೆಪ. ಅವಳ ಮನೆಯಲ್ಲಿ ಕತ್ತರಿ ಕಂಡರೆ ಸೀರೆ ಇನ್ನೂ ಇಡಿಯಾಗಿದೆಯೇ ಎಂದು ಇಣುಕುತ್ತಿದ್ದೆ. ಪಾಪ, ಹುಡುಗಿ ನನ್ನನ್ನು ಭಾರೀ ಅಂತಃಕರಣದ ನೆರೆಯವಳೆಂದು ತಿಳಿದಳು. ಕೊಟ್ಟದ್ದನ್ನು ಮರಳಿ ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಹೊಲಿಗೆಗೆ ಮುಂದಾಳಾದವಳು ಓಣಿಯ ಕೊನೆಯ ಮನೆಯ ನೀಲವ್ವ. ಅವಳು ಸೀರೆ ಹರವಿ ನೋಡಿ, ಇದನ್ನು ಕತ್ತರಿಸುವುದು ಬೇಡ, ಇಡಿಯಾಗಿ ಕೌದಿಯ ಕೆಳಪದರಕ್ಕೆ ಹಾಸೋಣ ಎಂದಳು. ಕತ್ತರಿ ತಪ್ಪಿತೆಂದು ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ, ಅವ್ವನ ಸೀರೆ ಗೋಡೆಗೆ ಮುಖ ಮಾಡಿಕೊಂಡು ತೂಗುತ್ತದಲ್ಲ ಎಂಬ ಹೊಸ ಸಂಕಟ ಶುರುವಾಯಿತು. ಹೆಂಗಸರೆಲ್ಲ ತನುಜಾಳ ಪಡಸಾಲೆಯಲ್ಲಿ ಕೂತು ಹದಿನೈದು ದಿನ ಹೊಲಿದರು. ನಾನೂ ಸೂಜಿ ಹಿಡಿದೆ. ನಾನು ಹಾಕಿದ ಹೊಲಿಗೆಯನ್ನು ನೀಲವ್ವ ಮರುದಿನ ಸದ್ದಿಲ್ಲದೆ ಬಿಚ್ಚುತ್ತಿದ್ದಳು.

ಕೊನೆಯ ದಿನ ಒಂದು ಮೂಲೆಯಷ್ಟೇ ಉಳಿದಿತ್ತು. ನೀಲವ್ವ ನನ್ನ ಕಡೆ ತಿರುಗಿದಳು. "ಅಕ್ಕಾರ, ಹೊಲ್ಯೂದು ನಿಮ್ಮ ಕೈಲೆ ಆಗೂದಿಲ್ಲ. ಕೌದಿಗೆ ಉಣಸೂ ಕೆಲಸ ನಿಮ್ಮದು. ಹಸದ ಕೌದಿ ಹೊಚಗೊಂಡ್ರ ಥಂಡಿ ಬಿಡೂದಿಲ್ರಿ."

ಆ ಮೂಲೆಯಲ್ಲಿ ಒಣಗಿದ ರೊಟ್ಟಿಯ ಒಂದು ಚೂರು ಇಟ್ಟು ಬಾಯಿ ಹೊಲಿಯುವುದು ವಾಡಿಕೆ. ನನಗದು ಗೊತ್ತಿತ್ತು. ಆದರೆ ಅವ್ವನಿಗೆ ಹೋಳಿಗೆ ಎಂದರೆ ಪ್ರಾಣ. ಸಕ್ಕರೆ ಕಾಯಿಲೆ ಎಂದು ಕೊನೆಯ ಎರಡು ವರ್ಷ ನಾನೇ ಒಂದು ತುಣುಕೂ ಕೊಟ್ಟಿರಲಿಲ್ಲ. ಅವಳು ಕೇಳಿದಾಗಲೆಲ್ಲ ಗದರಿದ್ದೆ. ಆ ದಿನ ಮನೆಗೆ ಹೋಗಿ ಒಂದು ಹೋಳಿಗೆ ಮಾಡಿ, ತುಪ್ಪ ಸವರಿ, ಸೆರಗಿನಲ್ಲಿ ಮುಚ್ಚಿ ತಂದು ಇಡಿಯಾಗಿ ಒಳಗೆ ತೂರಿಸಿದೆ. ನೀಲವ್ವ ನೋಡಿದಳು. ಸೂಜಿಗೆ ಎರಡೆಳೆ ದಾರ ಪೋಣಿಸಿ ಬಾಯಿ ಹೊಲಿದಳು.

ಕೌದಿ ಹೋಯಿತು, ತನುಜಾಳೂ ಹೋದಳು. ಬೀಗ ಬಿದ್ದ ಮನೆಯ ಗೇಟಿನ ತನಕ ನಾನು ಎರಡು ಸಲ ಚಟ್ನಿ ಒಯ್ದು ಮರಳಿದೆ. ಒಂದು ಮಧ್ಯಾಹ್ನ ಅವಳ ಫೋನು ಬಂತು. ಗೋಡೆ ತುಂಬ ಇರುವೆ ಸಾಲು, ಪಕ್ಕದ ಚಿತ್ರಕ್ಕೂ ಹತ್ತಿವೆ, ಕೌದಿ ಇಳಿಸಿ ಎಂದು ಪ್ರದರ್ಶನದವರು ಹೇಳುತ್ತಿದ್ದಾರಂತೆ. ಒಳಗೆ ಏನಿದೆ ಎಂದು ಕೇಳಿದಳು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು, ಎಲ್ಲವನ್ನೂ ಹೇಳಿದೆ. ಅವಳು, "ಮೂಲೆ ಬಿಚ್ಚಿ ತೆಗೆದುಬಿಡ್ಲಾ ಆಂಟಿ?" ಎಂದಳು.

"ಬ್ಯಾಡವಾ, ಉಣ್ಣೂ ಬಾಯಾಗಿನ ತುತ್ತು ಕಸಗೋಬಾರ್ದು. ಅದು ನಮ್ಮವ್ವನ ಸೀರಿ. ನನಗ ಬೇಕು, ಕಳಿಸಿಬಿಡು."

ಇಷ್ಟು ಹೇಳಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಹುಡುಗಿ ಕಳಿಸಿದಳು. ಅವಳ ಕೆಲಸ ಕೆಡಿಸಿದೆನಲ್ಲ ಎಂದು ನಾನು ಒದ್ದಾಡುತ್ತಿದ್ದರೆ, ಅವಳು ಆ ಇರುವೆ ಸಾಲಿನ ಫೋಟೋ ತೆಗೆದು ಅದೇ ಗೋಡೆಗೆ ಹಾಕಿದ್ದಳಂತೆ. ಜನ ಅದನ್ನೇ ಹೆಚ್ಚು ಹೊತ್ತು ನಿಂತು ನೋಡಿದರಂತೆ.

ಸೀರೆ ನನ್ನದಾದರೂ ಮೇಲಿನ ಬಟ್ಟೆ ಎಲ್ಲರದ್ದು, ಹೊಲಿದ ಕೈಯೂ ಎಲ್ಲರದ್ದು. ಅದಕ್ಕೇ ಈಗ ಕೌದಿ ಓಣಿಯಲ್ಲಿ ಪಾಳಿಯ ಮೇಲೆ ತಿರುಗುತ್ತದೆ, ಮನೆಗೆ ಎಂಟು ದಿನ. ಗೇಟುಗಳು ಆ ನೆಪಕ್ಕಾದರೂ ತೆರೆಯುತ್ತವೆ. ಬಿಸಿಲಿಗೆ ಹಾಕಿ ಎಷ್ಟು ಕೊಡವಿದರೂ ಒಂದೆರಡು ಇರುವೆ ಉಳಿದೇ ಇರುತ್ತವೆ, ಯಾರೂ ದೂರುವುದಿಲ್ಲ. ನನ್ನ ಪಾಳಿ ಬಂದಾಗ ಅವ್ವನ ಸೀರೆ ಮೈಗೆ ತಾಗುವಂತೆ ಹೊದ್ದು ಕೂರುತ್ತೇನೆ. ಹಾಗೆ ಕೂತರೆ ತಾಸುಗಟ್ಟಲೆ ಏಳುವುದಿಲ್ಲ. ಇರುವೆ ಕಚ್ಚಿದರೂ ಸ್ವಲ್ಪ ಸರಿದು ಕೂರುತ್ತೇನೆ, ಅಷ್ಟೇ.