ಕಿಟಕಿ ಪಕ್ಕದ ಸೀಟು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳಿದರೆ ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹುಲಿಕೆರೆಯ ಚಿಕ್ಕಮ್ಮ, ತೀರಿಹೋದ ಗಂಡ ಈಗಲೂ ಹಿತ್ತಲಲ್ಲಿ ಕೆಮ್ಮುತ್ತಾರೆ ಎಂದಾಗ, ಪಕ್ಕದ ಮನೆಯವರು ಕೆಮ್ಮಿರಬೇಕು ಬಿಡು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ನಮ್ಮದು ಬೌದ್ಧ ಮನೆ. ದೆವ್ವದ ಮಾತನ್ನು ಅಪ್ಪ ಹೊಸಿಲು ದಾಟಲು ಬಿಟ್ಟವರಲ್ಲ. ಈಗ ನಾನು ಬರೆಯುತ್ತಿರುವುದನ್ನು ನೀವು ನಂಬಬೇಕೆಂದೇನೂ ಇಲ್ಲ. ನಾನೇ ಪೂರ್ತಿ ನಂಬಿಲ್ಲ.

ಅಕ್ಕ ಗೆಂಡೆಹಳ್ಳಿಯಲ್ಲಿ ಟೀಚರಾಗಿದ್ದಳು. ನಾನು ಅರಸೀಕೆರೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಇಬ್ಬರಿಗೂ ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅವಳು ನನ್ನ ಜೊತೆಗೇ ಇದ್ದಳು. ಬ್ಯಾಂಕಾಕಿನಲ್ಲಿ ಮಲಗಿರುವ ದೊಡ್ಡ ಬುದ್ಧನನ್ನು ನೋಡಬೇಕೆಂಬುದು ಅವಳ ಬಹಳ ದಿನದ ಆಸೆ. ನಮ್ಮ ಊರಿನ ಕಡೆಯಿಂದ ಹೊರಟಿದ್ದ ಒಂದು ತಂಡದಲ್ಲಿ ಇಬ್ಬರ ಹೆಸರನ್ನೂ ಬರೆಸಿದೆವು. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಳು.

ಹಾಸನದ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತಿದ್ದಾಗ ಟೂರ್ ಮ್ಯಾನೇಜರ್ ಫೋನ್ ಮಾಡಿದರು. "ಇವತ್ತು ಟಿಕೆಟ್ ಮಾಡ್ಸಬೇಕು ಕಣಮ್ಮ. ನಿಮ್ಮಕ್ಕ ಬರ್ತಾರೋ ಇಲ್ವೋ ಹೇಳ್ಬಿಡಿ. ಆ ಜಾಗಕ್ಕೆ ಬೇರೆಯೋರು ಕಾಯ್ತಾವ್ರೆ" ಎಂದರು. ಅಕ್ಕ ನಿದ್ದೆಯಲ್ಲಿದ್ದಾಳೆ ಎಂದುಕೊಂಡು ನಾನು, "ಬೇರೆಯವ್ರಿಗೇ ಕೊಟ್ಬಿಡಿ, ಅವಳು ಬರಲ್ಲ" ಎಂದೆ. ಅದಾದ ನಾಲ್ಕು ದಿನಕ್ಕೆ ಅವಳು ಹೋದಳು. ಆ ನಾಲ್ಕು ದಿನ ನರ್ಸ್ ಜೊತೆ ಮಾತಾಡಿದಳು, ಪಕ್ಕದ ಮಂಚದವರ ಜೊತೆ ಮಾತಾಡಿದಳು. ನನ್ನ ಜೊತೆ ಮಾತಾಡಲಿಲ್ಲ. ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತೇ? ಅದೊಂದೇ ಪ್ರಶ್ನೆ ಇಟ್ಟುಕೊಂಡು ಮೂರು ತಿಂಗಳು ಮನೆಯಲ್ಲಿ ಕೂತೆ. ಕೂರಲಾಗದೆ ಕೊನೆಗೆ ಒಬ್ಬಳೇ ಹೊರಟೆ.

ಅಕ್ಕನ ಜಾಗಕ್ಕೆ ಬಂದವರು ಕೊಬ್ಬರಿ ವ್ಯಾಪಾರದ ಮನೆಯ ಲಲಿತಮ್ಮ. ಮೊದಲ ದಿನದಿಂದಲೇ ಅವರಿಗೂ ನನಗೂ ಸರಿಬರಲಿಲ್ಲ. ನಾನು ಯಾರ ಜೊತೆಯೂ ನಗುತ್ತಿರಲಿಲ್ಲ. ಸಂತೋಷಕ್ಕೆಂದು ಬಂದವರಿಗೆ ಅದು ಹಿಡಿಸಲಿಲ್ಲ. ಊಟಕ್ಕೆ ಕೂತರೆ ನನ್ನ ಮೇಜಿಗೆ ಯಾರೂ ಬರುತ್ತಿರಲಿಲ್ಲ.

ಮೂರನೆಯ ದಿನ ನಗರದರ್ಶನದ ಬಸ್ಸು. ಅಲ್ಲಿಯ ಗೈಡ್ ಇಂಗ್ಲಿಷಿನಲ್ಲಿ ಹೇಳುವುದನ್ನು ಮ್ಯಾನೇಜರ್ ಕನ್ನಡದಲ್ಲಿ ಹೇಳುತ್ತಿದ್ದರು. ಬೆಳಿಗ್ಗೆ ಲಲಿತಮ್ಮ ಮುಂದೆ ಕೂತಿದ್ದರು. ನಾನು ಹಿಂದಿನ ಒಂದು ಸಾಲಿನಲ್ಲಿ ನಡುದಾರಿಯ ಕಡೆ ಕೂತಿದ್ದೆ. ಕಿಟಕಿಯ ಸೀಟು ಖಾಲಿ ಇತ್ತು. ಗೈಡ್ ತಲೆ ಎಣಿಸಿ ಇಪ್ಪತ್ತೇಳು ಎಂದ. ಮ್ಯಾನೇಜರ್, ಇಪ್ಪತ್ತಾರೇ ಇರೋದು ಎಂದರು. ಅವರವರ ಲೆಕ್ಕದಲ್ಲೇ ಬಸ್ಸು ಹೊರಟಿತು.

ಮಲಗಿದ ಬುದ್ಧನನ್ನು ನಾನು ಸರಿಯಾಗಿ ನೋಡಲಿಲ್ಲ. ನೋಡಬೇಕಾದವಳು ನಾನಲ್ಲ ಎನಿಸಿ ಎಲ್ಲರಿಗಿಂತ ಮೊದಲೇ ಬಂದು ಬಸ್ಸು ಹತ್ತಿದೆ. ಆಗ ಒಂದು ತಪ್ಪು ಮಾಡಿದೆ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಮಾಡಿದ ಹಾಗೆ, ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿದೆ. ಬಸ್ಸಿನಲ್ಲಿ ಅಕ್ಕನಿಗೆ ವಾಂತಿ ಬರುತ್ತಿತ್ತು, ಕಿಟಕಿ ಯಾವಾಗಲೂ ಅವಳದು. ಕೈ ಅದರ ಪಾಡಿಗೆ ಅದು ಹಾಕಿತು.

ಲಲಿತಮ್ಮ ಹತ್ತಿದರು. ಅವರ ಸೀಟಿನ ಮೇಲೆ ಎ.ಸಿ.ಯ ನೀರು ತೊಟ್ಟಿಕ್ಕುತ್ತಿತ್ತಂತೆ.

"ಯಾರ್ಗ್ರೀ ಟವಲ್ ಹಾಕಿರೋದು?"

"ಅಕ್ಕಂಗೆ" ಎಂದುಬಿಟ್ಟೆ.

"ಅಕ್ಕಂಗಾ? ಹೋಗಿ ಮೂರ್ ತಿಂಗ್ಳಾಯ್ತು ಅಂದ್ರು! ಇದೇನು ಬಾಣಾವರದ ಬಸ್ಸು ಅನ್ಕಂಡ್ರಾ? ಅವ್ರ ಜಾಗ ನಂಗೆ ಕೊಟ್ಟಿದ್ದು ನೀವೇ ಅಲ್ವೇನ್ರೀ? ಕೊಟ್ಟ ಮೇಲೆ ಮುಗೀತು. ತೆಗೀರಿ."

ಹಿಂದಿನಿಂದ ಒಬ್ಬ ಗಂಡಸು, "ದೆವ್ವಕ್ಕೂ ಟಿಕೆಟ್ ಐತೇನ್ಲಾ?" ಎಂದ. ಇನ್ನೊಬ್ಬ, "ಮೇಲಿಂದ ಫ್ಲೈಟ್ ಹಿಡ್ಕಂಡ್ ಬರ್ಬೇಕಲ್ಲಪ್ಪ, ಲೇಟಾಯ್ತದೆ" ಎಂದ. ಬಸ್ಸೆಲ್ಲ ನಕ್ಕಿತು. ನಾನು ಟವೆಲ್ ತೆಗೆದೆ. ಲಲಿತಮ್ಮ ನನ್ನ ಮೊಣಕಾಲು ತಳ್ಳಿಕೊಂಡು ಒಳಗೆ ಹೋಗಿ ಕೂತರು.

ಗೈಡ್ ಎಣಿಸುತ್ತ ಬಂದು ನಮ್ಮ ಸಾಲಿನಲ್ಲಿ ನಿಂತ. ಲಲಿತಮ್ಮನನ್ನು ನೋಡಿದ, ನನ್ನನ್ನು ನೋಡಿದ, ಮ್ಯಾನೇಜರಿಗೆ ಏನೋ ಹೇಳಿದ. ಮ್ಯಾನೇಜರ್ ಬೇಸರದಿಂದ, "ಒಬ್ರು ಬಂದಿಲ್ಲ ಅಂತಾನೆ. ಬೆಳಿಗ್ಗೆಯಿಂದ ನಿಮ್ ಪಕ್ಕ ಕೂತಿದ್ದೋರಂತೆ" ಎಂದರು. ಯಾರೂ ಕೂತಿರಲಿಲ್ಲ ಎಂದೆ. ಗೈಡ್ ಒಪ್ಪಲಿಲ್ಲ. ವಯಸ್ಸಾದ ಹೆಂಗಸು, ಇಂಥ ಬಿಸಿಲಲ್ಲೂ ಹಸಿರು ಸ್ವೆಟರ್ ಹಾಕಿದ್ದರು, ಎಡಗೈ ಮೇಲೆ ಬಿಳಿ ಪ್ಲಾಸ್ಟರ್ ಇತ್ತು ಎಂದು ತನ್ನ ಕೈ ಮುಟ್ಟಿ ತೋರಿಸಿದ. ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ. ಆಸ್ಪತ್ರೆಯ ಚಳಿಗೆ ಆ ಸ್ವೆಟರನ್ನು ನಾನೇ ಅಕ್ಕನಿಗೆ ತೊಡಿಸಿದ್ದೆ. ಪ್ಲಾಸ್ಟರ್ ಡ್ರಿಪ್ಪಿನ ಸೂಜಿಯದು. ಇವೆರಡನ್ನೂ ನಾನು ಆ ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಗೈಡ್ ಇನ್ನೊಂದು ಮಾತು ಕೇಳಿದ. ಮ್ಯಾನೇಜರ್ ಕನ್ನಡದಲ್ಲಿ ಹೇಳುವಾಗ ದನಿ ತಗ್ಗಿಸಿದರು. "ನೀವಿಬ್ರೂ ಜಗಳ ಆಡಿದ್ರಾ ಅಂತ ಕೇಳ್ತಾವ್ನೆ. ಆಯಮ್ಮ ಒಂದ್ಸಲಾನೂ ನಿಮ್ ಕಡೆ ತಿರುಗಲಿಲ್ವಂತೆ."

ಬಸ್ಸು ಹೊರಡಲಿಲ್ಲ. ಎಲ್ಲರೂ ಹತ್ತದೆ ಹೊರಡುವಂತಿಲ್ಲ ಎಂದು ಗೈಡ್ ಹಟ ಹಿಡಿದ. ಜನ ನನ್ನ ಮೇಲೆ ತಿರುಗಿಬಿದ್ದರು. "ನೀವೇ ಏನೋ ಹೇಳ್ಕೊಟ್ಟಿದ್ದೀರ ಆ ಗೈಡ್‌ಗೆ. ನಿಮ್ ಸಂಕಟಕ್ಕೆ ನಮ್ ಟೂರ್ ಹಾಳು ಮಾಡ್ತೀರಾ?" ಎಂದರು ಲಲಿತಮ್ಮ. ಇಳಿದು ಹೋಗಿ ಕರೆದುಕೊಂಡು ಬನ್ನಿ ಎಂದು ಯಾರೋ ಕೂಗಿದರು. ಅದು ವ್ಯಂಗ್ಯವೇ ಇರಬೇಕು. ನಾನು ನಿಜವಾಗಿಯೂ ಇಳಿದೆ.

ಆ ಬಿಸಿಲಲ್ಲಿ ಮಂದಿರದ ಅಂಗಳವನ್ನೆಲ್ಲ ಒಂದು ಸುತ್ತು ಹಾಕಿದೆ. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ, ಕೈಗಳನ್ನು ಮಾತ್ರ ನೋಡುತ್ತ ನಡೆದೆ. ಯಾರೂ ಸಿಗಲಿಲ್ಲ. ಬಸ್ಸಿಗೆ ವಾಪಸು ಬಂದರೆ ಲಲಿತಮ್ಮ ನೀರು ತೊಟ್ಟಿಕ್ಕುವ ಸೀಟಿಗೇ ಹೋಗಿ ಕೂತಿದ್ದರು. ಆ ಕಿಟಕಿಯ ಪಕ್ಕ ಮೈ ಕೊರೆಯುವಷ್ಟು ಚಳಿ ಎಂದರಂತೆ. ಗೈಡ್ ಮತ್ತೆ ಎಣಿಸಿದ. ನನ್ನ ಸಾಲಿಗೆ ಎರಡು ಬೆರಳು ಮಡಿಸಿ, ಸರಿ ಎಂದು ತಲೆಯಾಡಿಸಿದ. ಬಸ್ಸು ಹೊರಟಿತು.

ಸಂಜೆಯವರೆಗೆ ನಾನು ಕಿಟಕಿಯ ಕಡೆ ತಿರುಗಲಿಲ್ಲ. ಹೊರಗೆ ಏನೇನು ತೋರಿಸಿದರೋ ತಿಳಿಯದು. ಕ್ಷಮಿಸು ಎಂಬ ಮಾತು ತುಟಿಯವರೆಗೆ ಬಂತು. ಸೀಟು ಖಾಲಿ ಎಂಬ ಹೆದರಿಕೆಯೋ, ಖಾಲಿಯಲ್ಲ ಎಂಬ ಹೆದರಿಕೆಯೋ, ಬಾಯಿ ಬರಲಿಲ್ಲ.

ಹೋಟೆಲಿನ ಮುಂದೆ ಗೈಡ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈಕೊಟ್ಟು ಇಳಿಸಿದ. ನಾನೇ ಕೊನೆಯವಳು. ನಾನು ಇಳಿದ ಮೇಲೂ ಆತ ಒಳಗಡೆಗೆ ಕೈ ಚಾಚಿಕೊಂಡೇ ನಿಂತಿದ್ದ. ಸ್ವಲ್ಪ ಹೊತ್ತು ಕಾದು ಕೈ ಹಿಂದಕ್ಕೆ ತೆಗೆದ. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಮೆಲ್ಲಗೆ, "ಅವರು ಬರುವುದಿಲ್ಲವಂತೆ" ಎಂದ.

ದಿನಕ್ಕೆ ಮೂರು ತಂಡ ನೋಡುವ ಮನುಷ್ಯ, ಯಾರನ್ನೋ ಯಾರೆಂದೋ ತಿಳಿದಿರಬೇಕು ಎಂದು ಮ್ಯಾನೇಜರ್ ಆಮೇಲೆ ಸಮಾಧಾನ ಹೇಳಿದರು. ಇರಬಹುದು. ಹಸಿರು ಸ್ವೆಟರಿನ ಹೆಂಗಸರು ಲೋಕದಲ್ಲಿ ಎಷ್ಟೋ ಜನ. ಆದರೆ ಬಾಗಿಲು ಮುಚ್ಚುವ ಮೊದಲು, "ಅಕ್ಕಾ, ಬಾರೇ ಮನೆಗೆ ಹೋಗಣ" ಎಂದು ಒಂದು ಕೂಗು ಕೂಗಲು ನನಗೆ ಹೊತ್ತಿತ್ತು. ಲಲಿತಮ್ಮ ಮತ್ತೆ ಉಳಿದವರೆಲ್ಲ ಅಲ್ಲೇ ನಿಂತು ನೋಡುತ್ತಿದ್ದರು. ನಾಚಿಕೆಯಾಯಿತು. ನಾನು ಕೂಗಲಿಲ್ಲ, ಬಸ್ಸು ಹೋಯಿತು.