ಹದಿನೇಳನೇ ನಂಬರಿನ ಬೆಲ್ಟು

ನನ್ನ ಸೋದರಮಾವನ ಕೆಲಸ ವಿಮಾನದ ಸೀಟು ಬೆಲ್ಟುಗಳನ್ನು ಪರೀಕ್ಷಿಸುವುದು. ರಿಪೇರಿ ಶೆಡ್ಡಿನಲ್ಲಿ ನಿಂತ ವಿಮಾನದೊಳಗೆ ಖಾಲಿ ಸೀಟುಗಳ ನಡುವೆ ಬಗ್ಗಿ ಬೆಲ್ಟು ಹಾಕಬೇಕು, ಮೂರು ಸಲ ಜಗ್ಗಬೇಕು, ಬಿಚ್ಚಿಡಬೇಕು. ಗಟ್ಟಿಯಿದ್ದರೆ ಅಂಚಿಗೆ ತನ್ನ ನಂಬರಿನ ಚೀಟಿ ಹೊಲಿಯಬೇಕು. ಅವನದು ಹದಿನೇಳು. ಇಪ್ಪತ್ತಾರು ವರ್ಷ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ. ಆದರೆ ಒಮ್ಮೆಯೂ ಹಾರಿದವನಲ್ಲ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಬೆವರುವ ಆಸಾಮಿ.

ಆ ಭಯವನ್ನೇ ಹಾಡು ಮಾಡಿದ್ದ. ಶೆಡ್ಡಿನ ನಾಲ್ವರು ಕಟ್ಟಿಕೊಂಡ ರಾಕ್ ಬ್ಯಾಂಡಿಗೆ ಅವನೇ ಗಾಯಕ. ಗಿಟಾರು ಒಂದೇ ಸ್ವರದಲ್ಲಿ ಎಂಜಿನ್ನಿನ ಹಾಗೆ ಗುಂಯ್‌ಗುಟ್ಟುತ್ತದೆ. ಮಾವ ‘ನೆಲ ಎಲ್ಲಿ ಹೋಯ್ತು, ಯಾರು ತೆಗೆದರು’ ಎಂದು ಮೊದಲು ಮೆಲ್ಲಗೆ ಕೇಳುತ್ತಾನೆ, ಆಮೇಲೆ ಕಿರುಚುತ್ತಾನೆ. ಕೊನೆಗೆ ಎಲ್ಲವೂ ನಿಂತಾಗ ಮೈಕಿನ ಮುಂದೆ ಹಳೆಯ ಬೆಲ್ಟೊಂದನ್ನು ಟಕ್ಕನೆ ಬಿಚ್ಚುತ್ತಾನೆ. ಅಷ್ಟೇ. ಚಪ್ಪಾಳೆ ತಟ್ಟಲು ಜನಕ್ಕೆ ಅರ್ಧ ನಿಮಿಷ ಬೇಕು. ಒಮ್ಮೆ ಒಬ್ಬಾಕೆ ನಡುವೆಯೇ ಎದ್ದು ಹೋಗಿ ವಾಂತಿ ಮಾಡಿಕೊಂಡಳು.

“ಹಾಡ್ಕೊಂಡ್ರೆ ಭಯ ಹೋಗುತ್ತೆ ಅಂದ್ರು ಪುಟ್ಟಿ. ಎಲ್ಲಿ ಹೋಗುತ್ತೆ? ಅದಕ್ಕೂ ತಾಳ ಬಂತು ಅಷ್ಟೇ,” ಎನ್ನುತ್ತಿದ್ದ.

ಅಮ್ಮ ಸಮುದ್ರದಾಚೆಯ ಆಸ್ಪತ್ರೆಯಲ್ಲಿ ದಾದಿ. ಅಲ್ಲೇ ಅಪ್ಪ ತೀರಿಕೊಂಡಾಗ ಮಾವ ಹೊರಟು, ವಿಮಾನದ ಬಾಗಿಲಿನಿಂದಲೇ ವಾಪಸ್ಸಾಗಿದ್ದ. ಅಮ್ಮ ಒಂದು ಮಾತೂ ಅನ್ನಲಿಲ್ಲ. ಅದೇ ಅವನನ್ನು ತಿಂದುಹಾಕಿತ್ತು. ಈಗ ಅವಳೇ ಫೋನು ಮಾಡಿದಳು. “ಗುರುವಾರ ನಂಗೆ ಹಾರ್ಟ್ ಆಪರೇಷನ್ನು. ಒಳಗೆ ಹೋಗೋಕ್ಕೆ ಮುಂಚೆ ಒಂದ್ಸಲ ಮುಖ ತೋರ್ಸೋ.” ಹಡಗಿನಲ್ಲಾದರೆ ಆರು ದಿನ. ಇದ್ದದ್ದು ಎರಡು.

ಬುಧವಾರ ರಾತ್ರಿ ಅವನನ್ನು ಕೈಹಿಡಿದು ವಿಮಾನ ಹತ್ತಿಸಿದೆ. ಕೂತವನೇ ಬೆಲ್ಟಿನ ಅಂಚು ತಿರುಗಿಸಿ ನೋಡಿದ. ಹದಿನೇಳು!

“ನೋಡು, ನಿನ್ನದೇ ಕೆಲಸ. ಇನ್ನೇನು ಭಯ?” ಎಂದೆ.

“ಅದಕ್ಕೇ ಕಣೇ. ಬೇರೆಯವರದ್ದಾಗಿದ್ರೆ ನಂಬ್ತಿದ್ದೆ.”

ಹಾಕಿದ, ಮೂರು ಸಲ ಜಗ್ಗಿದ, ಬಿಚ್ಚಿದ. ಕೈಗೆ ಅದೊಂದೇ ಗೊತ್ತು. ಗಗನಸಖಿ ಬಂದು ಹಾಕಿದಳು. ಅವಳು ಆಚೆ ಹೋಗುವಷ್ಟರಲ್ಲಿ ಜಗ್ಗಿ ಬಿಚ್ಚಿದ. ಮೂರನೇ ಸಲಕ್ಕೆ ಅವಳ ಮುಖ ಗಂಟಾಯಿತು. “ಇನ್ನೊಂದ್ಸಲ ಬಿಚ್ಚಿದ್ರೆ ಇಳಿಸಬೇಕಾಗುತ್ತೆ ಸರ್.”

ಇಳಿಸಲಿ ಎಂದೇ ಅವನ ಕಣ್ಣು ಬೇಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಅವನ ಎರಡೂ ಕೈ ಎಳೆದು ನನ್ನ ತೊಡೆಯ ಮೇಲಿಟ್ಟುಕೊಂಡು, “ತಾಳ ಹಾಕು,” ಎಂದೆ. ನನ್ನ ಕೆಟ್ಟ ಗಂಟಲಲ್ಲೇ ಶುರು ಮಾಡಿದೆ: ನೆಲ ಎಲ್ಲಿ ಹೋಯ್ತು, ಯಾರು ತೆಗೆದರು.

ಅವನ ಬೆರಳು ತಟ್ಟತೊಡಗಿದವು. ವಿಮಾನ ಮೇಲೆದ್ದಾಗ ಅವನೇ ಹಾಡುತ್ತಿದ್ದ, ಕಣ್ಣು ಮುಚ್ಚಿ, ಮೊದಲು ಪಿಸುದನಿಯಲ್ಲಿ, ಆಮೇಲೆ ಜೋರಾಗಿ. ಬೆಲ್ಟು ಬಿಚ್ಚುವ ಕೊನೆ ಬಂದಾಗೆಲ್ಲ ಮತ್ತೆ ಮೊದಲಿನಿಂದ. ನಾಲ್ಕು ಗಂಟೆಯಲ್ಲಿ ನಲವತ್ತು ಸಲವಾದರೂ ಆಗಿರಬೇಕು. ಪಕ್ಕದ ಸಾಲಿನವರು ಕಿವಿಗೆ ಇಟ್ಟುಕೊಳ್ಳಲು ಗಗನಸಖಿಯನ್ನು ಹತ್ತಿ ಕೇಳಿದರು. ಇಳಿಯುವಾಗ ನನ್ನ ತೊಡೆ ಮರಗಟ್ಟಿತ್ತು.

ಗುರುವಾರ ಬೆಳಿಗ್ಗೆ ಆಸ್ಪತ್ರೆ ತಲುಪಿದಾಗ ಅಮ್ಮನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಮಾವನನ್ನು ಕಂಡು ಅವಳ ಮುಖ ಅರಳಿತು.

“ಹಾರ್ಕೊಂಡ್ ಬಂದ್ಯೇನೋ? ಭಯ ಆಯ್ತಾ?”

“ಈಗ್ಲೂ ಆಗ್ತಿದೆ ಅಕ್ಕಾ.”

“ನಂಗೂ ಕಣೋ,” ಎಂದಳು ಅಮ್ಮ. ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸ್ಟ್ರೆಚರಿನ ಬೆಲ್ಟು ಇನ್ನೂ ಹಾಕಿರಲಿಲ್ಲ. ಮಾವ ಬಗ್ಗಿ ಹಾಕಿದ. ಮೂರು ಸಲ ಜಗ್ಗಿದ. ಬೆರಳು ಕೊಂಡಿಯ ಮೇಲೆ ಹೋಯಿತು. ಅವನು ಕೈ ತೆಗೆದು ಜೇಬಿನೊಳಗೆ ತುರುಕಿಕೊಂಡ.

“ಗಟ್ಟಿಯಿದೆ ಅಕ್ಕಾ,” ಎಂದ. “ನಾನೇ ನೋಡಿದೀನಿ.”