ಸಸಿಯಪ್ಪನನ್ನು ದಾಟಿಸಿದ ದೊಡ್ಡವ್ವ

ಯಂಕಮ್ಮ ದೊಡ್ಡವ್ವ ಟಂಟಂ ಆಟೋ ಹತ್ತಿದರೆ ಹಿಂದಕ್ಕೆ ಮುಖ ಮಾಡಿ ಕೂರುವ ಸೀಟನ್ನೇ ಹುಡುಕುತ್ತಿದ್ದಳು. ಕಾಲು ಹೊರಗೆ ಇಳಿಬಿಟ್ಟು, ದಾರಿಯ ಧೂಳನ್ನೆಲ್ಲ ಕುಡಿಯುತ್ತ ಕೂರಬೇಕಾದ ಆ ಜಾಗಕ್ಕೆ ಸಿಂಧನೂರಿನಲ್ಲಿ ಯಾರೂ ಜಗಳಾಡುವುದಿಲ್ಲ. ಒಳಗೆ ಜಾಗವಿದ್ದರೂ ಅವಳು ಅಲ್ಲೇ. ಮುಂದಕ್ಕೆ ಮುಖ ಮಾಡಿ ಕುಳಿತರೆ ತಲೆ ಸುತ್ತುತ್ತದೆ ಎನ್ನುತ್ತಿದ್ದಳು. ಊರವರಿಗೆಲ್ಲ ಒಂದು ಕಡೆ ಸುತ್ತುವ ತಲೆ ಇವಳಿಗೆ ಮಾತ್ರ ಇನ್ನೊಂದು ಕಡೆ ಸುತ್ತುತ್ತಿತ್ತು.

ಅವಳು ನನ್ನ ಅವ್ವನ ಅಕ್ಕ. ಮುಕ್ಕುಂದದ ಸುತ್ತಿನ ಗದ್ದೆಗಳಲ್ಲಿ ನಲವತ್ತು ವರ್ಷ ಭತ್ತದ ಸಸಿ ಹಚ್ಚಿದವಳು. ನಾಟಿಯವರು ಬಗ್ಗಿ, ಸಾಲಾಗಿ ನಿಂತು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಹಚ್ಚುತ್ತಾರೆ. ಮುಂದಕ್ಕೆ ನಡೆದರೆ ಹಚ್ಚಿದ್ದನ್ನೇ ತುಳಿದ ಹಾಗಾಗುತ್ತದೆ. ಹಾಗೆ ಹಿಂದಕ್ಕೆ ನಡೆದೇ ಅವಳು ನನ್ನ ಅವ್ವನನ್ನು ಓದಿಸಿ ನರ್ಸ್ ಮಾಡಿದಳು. ನಾನು ಇವತ್ತು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರೆ ಅದಕ್ಕೂ ಅವಳ ಬಗ್ಗಿದ ಬೆನ್ನೇ ಕಾರಣ. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಒಂದು ಗುಂಟೆ ಭೂಮಿಯೂ ಇರಲಿಲ್ಲ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಗದ್ದೆಯಲ್ಲೇ ಉಸಿರು ಕಟ್ಟಿ ಕುಸಿದಳು. ಹೃದಯ ಸೋತಿದೆ, ಇನ್ನು ಬಗ್ಗುವ ಕೆಲಸ ಬೇಡ ಎಂದರು ಡಾಕ್ಟರು. ಅವ್ವ ಅವಳನ್ನು ಸಿಂಧನೂರಿನ ನಮ್ಮ ಮನೆಗೆ ಕರೆತಂದಳು. ಬಂದ ವಾರದಲ್ಲೇ ದೊಡ್ಡವ್ವ ನಮ್ಮ ಬಾಲ್ಕನಿಯ ತುಳಸಿ, ದಾಸವಾಳಗಳನ್ನೆಲ್ಲ ಕಿತ್ತು ಮತ್ತೆ ನೆಟ್ಟಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು, ಅವು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕೂರುತ್ತಿದ್ದಳು.

ನನಗೊಂದು ಚಟವಿದೆ. ಶಾಲೆಯ ಮಕ್ಕಳಿಗೆ ಮೊಬೈಲ್ ಮುಟ್ಟಬೇಡಿ ಎಂದು ಉಪದೇಶ ಮಾಡಿ ಮನೆಗೆ ಬಂದು ಟ್ಯಾಬ್‌ನಲ್ಲಿ ಆಟವಾಡುತ್ತೇನೆ. ಆಗ ಆಡುತ್ತಿದ್ದದ್ದು ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕಿ ಉಳಿಯಬೇಕಾದ ಆಟ. ಹಸಿವು, ಮೃಗಗಳು, ಚಳಿ, ಎಲ್ಲವನ್ನೂ ದಾಟಬೇಕು. ಸತ್ತರೆ ಮೊದಲಿನಿಂದ ಶುರು. ಬೇಟೆಗಾರ, ಬಡಗಿ, ವೈದ್ಯೆ ಎಂದು ಹಲವು ಪಾತ್ರಗಳಿದ್ದವು. ಯಾರಾಗಿ ಬೇಕಾದರೂ ಆಡಬಹುದು. ಅದರಲ್ಲೊಬ್ಬ ಗಿಡಮನುಷ್ಯ. ಬೇರಿನ ಕಾಲು, ಎಲೆಯ ತಲೆ. ಅವನಿಗೆ ನೇಗಿಲು, ಗುದ್ದಲಿ ಬೇಡ, ಬರಿಗೈಯಲ್ಲೇ ಸಸಿ ನೆಡುತ್ತಾನೆ. ಗಾಯವಾದರೆ ಅನ್ನದಿಂದ ವಾಸಿಯಾಗುವುದಿಲ್ಲ, ಮೈಗೆ ಗೊಬ್ಬರ ಮೆತ್ತಬೇಕು. ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಬಡಕಲಾಗುತ್ತಾನೆ, ಅದನ್ನು ದಾಟಿ ವಸಂತ ಕಂಡರೆ ಮೈತುಂಬ ಹೂ ಬಿಡುತ್ತಾನೆ. ನಾನು ಅವನನ್ನು ಎಂದೂ ಆರಿಸಿಕೊಂಡವಳಲ್ಲ, ನಿಧಾನದ ಆಸಾಮಿ.

ದೊಡ್ಡವ್ವ ಹೆಗಲ ಮೇಲಿನಿಂದ ಬಗ್ಗಿ ನೋಡಿ, ಅವನನ್ನೇ ಬೆರಳು ಮಾಡಿ ತೋರಿಸಿದಳು. ಸಸಿಯಪ್ಪ ಎಂದು ಹೆಸರಿಟ್ಟದ್ದೂ ಅವಳೇ. ಗೊಬ್ಬರದ ಸಂಗತಿ ಹೇಳಿದಾಗ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಇವನ ದವಾಖಾನಿ ತಿಪ್ಪ್ಯಾಗ ಐತಿ ನೋಡು," ಎಂದಳು. ಟ್ಯಾಬ್ ಅವಳ ಕೈಗೆ ಕೊಟ್ಟೆ. ಮೊದಲ ಸಸಿ ನೆಡುವ ಮುಂಚೆ ಬೆರಳು ತಡೆದು ಕೇಳಿದಳು:

"ಈ ಹೊಲ ಯಾರ್ದು?"

ಯಾರದೂ ಅಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಮಾಲಕ ಬಂದು ಕೇಳಿದರೆ ಹೇಳಲು ನೀನೇ ಇರಬೇಕು ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮೊದಲ ಸಾಲು ಹಚ್ಚಿದಳು. ಎರಡು ದಿನ ಯಾರೂ ಕೇಳದಿದ್ದಾಗ ಧೈರ್ಯ ಬಂತು.

ಆ ಆಟದಲ್ಲಿ ಹಿಂದಕ್ಕೆ ಹೆಜ್ಜೆ ಇಡಲು ಪರದೆಯ ಮೇಲೆ ಒತ್ತುವ ಒಂದು ಗುಂಡಿಯಿದೆ. ಮೃಗ ಎದುರಾದಾಗ ಅದರ ಮೇಲೆ ಕಣ್ಣಿಟ್ಟು ಮೆಲ್ಲಗೆ ಸರಿಯಲಿ ಎಂದು ಮಾಡಿದ್ದು. ದೊಡ್ಡವ್ವ ಅದನ್ನು ಒತ್ತಿಕೊಂಡೇ ನಾಟಿ ಮಾಡಿದಳು. ಗೆರೆ ಎಳೆದಂಥ ಸಾಲುಗಳು ಎದ್ದವು. ಆದರೆ ಸಸಿಯಪ್ಪನ ಬೆನ್ನ ಹಿಂದೆ ಏನಿದೆ ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ಮೊದಲ ಸಲ ಹಿಂದಕ್ಕೆ ಸರಿಯುತ್ತ ಸರಿಯುತ್ತ ಜೇನುಗೂಡಿಗೆ ಬೆನ್ನು ಕೊಟ್ಟು ಸತ್ತ. ಎರಡನೆಯ ಸಲ ಕೆರೆಗೆ ಬಿದ್ದ. ಮೂರನೆಯ ಸಲ ಮಲಗಿದ್ದ ಕರಡಿಯ ಮೇಲೆಯೇ ಕುಳಿತ. ಮುಂದಕ್ಕೆ ನಡೆದು ನೆಡು, ಇಲ್ಲಿ ಯಾರೂ ಬೈಯುವುದಿಲ್ಲ ಎಂದು ನಾನು ರೇಗಿದೆ. ಅವಳು ಸಿಟ್ಟಾಗಲಿಲ್ಲ.

"ಮುಂದಕ್ಕ ಹೋದ್ರ ಹಚ್ಚಿದ್ದು ಹಿಂದ ಉಳಿತೈತಿ. ಹಿಂದಕ್ಕ ಸರದ್ರ ಹಚ್ಚಿದ್ದೆಲ್ಲಾ ಕಣ್ಮುಂದ ಇರ್ತೈತಿ," ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಸಸಿಯಪ್ಪ ಹೂ ಬಿಡುವುದನ್ನು ಒಂದು ಸಲ ನೋಡಬೇಕು ಎಂಬುದೊಂದೇ ಅವಳ ಆಸೆಯಾಯಿತು. ದಿನಗಳು ಮಾತ್ರ ಅವಳ ಕಡೆ ಇರಲಿಲ್ಲ. ಕಾಲಿಗೆ ಬಾವು ಬರತೊಡಗಿತ್ತು, ನಾಲ್ಕು ಮಾತಾಡಿದರೆ ಏದುಸಿರು. ಒಮ್ಮೆ ಅವಳನ್ನು ಲಿಂಗಸೂಗೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು, ಒಂದು ವಾರ ಅವ್ವ ಜೊತೆಗಿದ್ದಳು. ಸಸಿಯಪ್ಪ ಆಗ ಚಳಿಗಾಲದ ಬಾಗಿಲಲ್ಲಿದ್ದ. ದೊಡ್ಡವ್ವ ವಾಪಸ್ಸು ಬರುತ್ತಾಳೋ ಇಲ್ಲವೋ ಎಂಬ ಹೆದರಿಕೆ ನನಗೆ. ಖಾಲಿ ಮನೆಯಲ್ಲಿ ಕುಳಿತು ನಾನೇ ಆಡಿದೆ. ಬೇಗ ಬೇಗ, ಮುಂದಕ್ಕೆ ನಡೆಸಿಯೇ ಸಸಿ ಹಚ್ಚಿಸಿ, ಬೆಂಕಿ ಹಾಕಿಸಿ, ಚಳಿ ದಾಟಿಸಿದೆ. ಸಸಿಯಪ್ಪ ಮೈತುಂಬ ಹಳದಿ ಹೂ ಬಿಟ್ಟು ನಿಂತ.

ಅವಳು ಮನೆಗೆ ಬಂದ ಸಂಜೆ, ಮಂಚಕ್ಕೆ ಒರಗಿಸಿ, ಟ್ಯಾಬ್ ತೆರೆದು ತೋರಿಸಿದೆ. ನೀನು ಬಿಟ್ಟುಹೋದ ಮೇಲೆ ಅವನೇ ದಾಟಿಕೊಂಡ ಎಂದು ಸುಳ್ಳು ಹೇಳಿದೆ. ಅವಳು ಹೂವನ್ನು ನೋಡಲಿಲ್ಲ, ನೆಲವನ್ನು ನೋಡಿದಳು. ಕೆಸರಿನಲ್ಲಿ ಸಾಲಿನ ಮೇಲೆಯೇ ಹೆಜ್ಜೆ ಗುರುತುಗಳಿದ್ದವು, ಅಲ್ಲಲ್ಲಿ ಸಸಿ ಅಡ್ಡ ಬಿದ್ದಿತ್ತು.

"ಸಸಿ ತುಳದಾರ. ಇದು ನನ್ನ ಕೈ ಅಲ್ಲ," ಎಂದಳು.

ನಾನು ತಲೆ ತಗ್ಗಿಸಿದೆ. ನಲವತ್ತು ವರ್ಷ ಕಂಡವರ ಹೊಲದಲ್ಲಿ ಹಚ್ಚಿದವಳಿಗೆ, ಯಾರದೂ ಅಲ್ಲದ ಒಂದು ಹೊಲ ಸಿಕ್ಕಿತ್ತು. ಅದನ್ನೂ ನಾನು ಕಸಿದುಕೊಂಡಿದ್ದೆ. ನನ್ನ ಮುಖ ನೋಡಿ ಅವಳಿಗೆ ಕನಿಕರವಾಗಿರಬೇಕು. ತಲೆ ಸವರಿ, "ನೀ ಅಂಜಿದ್ದಿ. ಗೊತ್ತೈತಿ ಬಿಡು ಬೇ," ಎಂದಳು. ಆಮೇಲೆ ಅದನ್ನು ಅಳಿಸಲು ಹೇಳಿ, ಮೊದಲನೆಯ ದಿನದಿಂದ ಮತ್ತೆ ಹಿಡಿದಳು.

ಈ ಸಲ ಅವಳು ಒಂದು ಉಪಾಯ ಮಾಡಿದಳು. ನಾಟಿ ಹಿಡಿಯುವ ಮುಂಚೆ ಸಸಿಯಪ್ಪನನ್ನು ಹೊಲದ ಆ ತುದಿಯವರೆಗೂ ಒಮ್ಮೆ ನಡೆಸಿ, ಬೆನ್ನಿಗೆ ಏನೇನು ಬರುತ್ತದೆ ಎಂದು ನೋಡಿಸಿ, ಆಮೇಲೆ ಹಿಂದಕ್ಕೆ ಸರಿಸಿದಳು. ಒಂದು ದಿನಕ್ಕೆ ಒಂದೇ ಮಡಿಯಷ್ಟು ನಾಟಿ. ಏದುಸಿರು ಹೆಚ್ಚಿದ ದಿನ ಟ್ಯಾಬ್ ಮುಚ್ಚಿಟ್ಟು ಮಲಗುತ್ತಿದ್ದಳು. ಚಳಿಯಲ್ಲಿ ಅವನ ಎಲೆಯೆಲ್ಲ ಉದುರಿದಾಗ ತನ್ನ ಸೆರಗನ್ನು ಕಿವಿಗೆ ಸುತ್ತಿಕೊಳ್ಳುತ್ತಿದ್ದಳು. ಹೊರಗೆ ಸಿಂಧನೂರಿನ ಬಿಸಿಲಿಗೆ ಡಾಂಬರು ಕರಗುತ್ತಿತ್ತು. ನಾನು ಪಕ್ಕದಲ್ಲಿ ಪೇಪರು ತಿದ್ದುತ್ತ, ಆಟಕ್ಕೆ ಕೈ ಹಾಕದೆ ಕುಳಿತಿದ್ದೆ. ಅಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಕರೆದಳು. ಹೋಗಿ ನೋಡಿದರೆ ಸಸಿಯಪ್ಪ ಹಳದಿ ಹೂ ಹೊದ್ದುಕೊಂಡು ನಿಂತಿದ್ದಾನೆ, ಅವನ ಮುಂದೆ ತುಳಿಯದ ಸಾಲುಗಳು, ಎಲ್ಲ ಹಸಿರು. ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ. ನನಗೆ ಅಳು ಬಂತು, ಅವಳಿಗೆ ಹಸಿವಾಗಿತ್ತು.

ಇದನ್ನು ದುರುಗಮ್ಮನಿಗೆ ಹೇಳಲೇಬೇಕು ಎಂದು ಮರುದಿನ ಹಟ ಹಿಡಿದಳು. ದುರುಗಮ್ಮ ಸಾಲಿನಲ್ಲಿ ಅವಳ ಪಕ್ಕದಲ್ಲೇ ನಿಂತು ಮೂವತ್ತು ವರ್ಷ ಸಸಿ ಹಚ್ಚಿದ ಜೊತೆಗಾತಿ, ಈಗ ಸಂತೆಕಲ್ಲೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಫೋನಿನಲ್ಲಿ ಹೇಳು ಎಂದರೆ ಕೇಳಲಿಲ್ಲ. ದುರುಗಮ್ಮನ ಮಗ ಬಂದು ಕರೆದುಕೊಂಡು ಹೋದ. ಅಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕುಳಿತು ನಾಲ್ಕು ದಿನ ಮಾತಾಡಿದರಂತೆ. ಐದನೆಯ ದಿನ ದೊಡ್ಡವ್ವ ಏಳಲಿಲ್ಲ.

ಅವಳು ಸಂತೆಕಲ್ಲೂರಿಗೆ ಹೊರಟ ಬೆಳಿಗ್ಗೆ ಬಸ್ಸಿನಲ್ಲಿ ಆರಾಮಾಗಿ ಹೋಗು ಎಂದು ಬೇಡಿಕೊಂಡಿದ್ದೆ. ಅವಳು ದುರುಗಮ್ಮನ ಮಗನ ಜೊತೆ ಮಸ್ಕಿ ಕಡೆಯ ಟಂಟಂ ಹತ್ತಿ ಹಿಂದಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಎದೆಗೆ ಧೂಳು ಆಗುವುದಿಲ್ಲ, ಒಳಗೆ ಮುಂದಕ್ಕೆ ತಿರುಗಿ ಕೂರು ಎಂದೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ತಲೆಯಾಡಿಸಿದಳು.

"ಬ್ಯಾಡ. ಹಿಂಗ ಕುಂತ್ರ ನೀ ಕಾಣ್ತಿ."

ಟಂಟಂ ಹೊರಟಿತು. ತಿರುವಿನವರೆಗೂ ಅವಳು ನನ್ನನ್ನೇ ನೋಡುತ್ತಿದ್ದಳು.